ಅಕ್ಕ ಕೊಡಿಸಿದ ರ್‍ಯಾಮ್

"ಯಾಕ್ ಬಂದ್ರಿ? ಈ ಮನೇಲಿ ಇನ್ನೂ ಯಾರು ಉಳಿದಿದಾರೆ ಅಂತ ನೋಡೋಕಾ?"

ಬಾಗಿಲಲ್ಲಿ ನಿಂತ ಶಿವಕಿರಣನಿಗೆ ಸುನಿತಾ ದಾರಿ ಬಿಡಲಿಲ್ಲ. ಒಂದು ಕಾಲದಲ್ಲಿ 'ನೀನು' ಅನ್ನುತ್ತಿದ್ದ ಬಾಯಲ್ಲಿ ಈಗ 'ನೀವು'... ಅದು ಮರ್ಯಾದೆಯಲ್ಲ, ಕತ್ತಿ ಎಂದು ಇಬ್ಬರಿಗೂ ಗೊತ್ತಿತ್ತು.

"ನಾನೇ ಕರೆಸ್ದೆ ಕಣೇ," ಒಳಗಿನಿಂದ ಅವಳ ತಾಯಿ ಕಮಲಾದೇವಿಯ ದನಿ. "ನನ್ನ ಮಗನ ದನಿ ಒಂದ್ಸಲ ಕೇಳ್ಬೇಕು. ಬಿಡು ಅವನ್ನ."

ಹೋದ ವರ್ಷ ತಿಲಕ್ ನಗರದ ಇದೇ ಮನೆಯಲ್ಲಿ ಇವರಿಬ್ಬರ ಮದುವೆ ನಿಶ್ಚಯವಾಗಿ ಉಂಗುರ ಬದಲಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಕನಕಪುರ ರಸ್ತೆಯಲ್ಲಿ, ಶಿವಕಿರಣನ ಬೈಕಿಗೆ ಹಿಂದಿನಿಂದ ನೀರಿನ ಟ್ಯಾಂಕರ್ ಗುದ್ದಿತು. ಇವನು ಕಾಲಿಗೆ ರಾಡ್ ಹಾಕಿಸಿಕೊಂಡು ಉಳಿದ. ಹಿಂದೆ ಕೂತಿದ್ದ ಸುನಿತಾಳ ತಮ್ಮ ಸಿದ್ದೇಶ ಉಳಿಯಲಿಲ್ಲ.

ಎಲ್ಲಿಗೆ ಹೋಗಿದ್ರಿ ಅಂತ ಅವಳು ಕೇಳಿದಾಗ "ಸುಮ್ನೆ... ಸುತ್ತೋಕೆ" ಅಂದಿದ್ದ. ಆ ಒಂದು ಮಾತಿಗೆ ಅವಳು ಉಂಗುರ ಬಿಚ್ಚಿ ಆಸ್ಪತ್ರೆಯ ಮಂಚದ ಮೇಲಿಟ್ಟು ಬಂದಿದ್ದಳು.

ಸಿದ್ದೇಶ ವಚನ ಹಾಡುತ್ತಿದ್ದ. ಹಾಡಿದ್ದೆಲ್ಲ ಹಳೇ ಕಂಪ್ಯೂಟರಿನಲ್ಲೇ ಇತ್ತು. ತೆರೆಯಲು ಹೋದರೆ ಮೆಮೊರಿ ಸಾಲದೆ ಅದು ಅರ್ಧಕ್ಕೆ ನಿಂತು ಬಿಡುತ್ತಿತ್ತು.

ಶಿವಕಿರಣ ತಾನು ತಂದ ಪುಟ್ಟ ಪೊಟ್ಟಣ ಪಕ್ಕಕ್ಕಿಟ್ಟು, ಕಾಲು ನೀಡಿ ನೆಲಕ್ಕೆ ಕೂತು ಸ್ಕ್ರೂ ಬಿಚ್ಚತೊಡಗಿದ.

"ರ್‍ಯಾಮ್ ಹಾಕೋ ನಾಟಕ ಬೇಡ," ಸುನಿತಾ ಅಂದಳು. "ಅವನ ಹುಟ್ಟುಹಬ್ಬಕ್ಕೆ ನಾನೇ ಎಂಟು ಜಿಬಿ ಕೊಡಿಸಿದ್ದೆ. ಒಳಗಿದೆ."

ಅವನ ಕೈ ಅಲ್ಲೇ ನಿಂತಿತು. "ಸುನಿ... ನೀನು ಆಚೆ ಕೂತಿರು. ಧೂಳು."

ಅವಳು ಬಗ್ಗಿ ನೋಡಿಯೇಬಿಟ್ಟಳು. ರ್‍ಯಾಮಿನ ಒಂದು ಹಳೇ ಪಟ್ಟಿ. ಪಕ್ಕದ ಜಾಗ ಖಾಲಿ!

'ನಾನು ಕೊಟ್ಟದ್ದು ಎಲ್ಲಿ?'

"ಅದನ್ನೂ ಹೊಡ್ಕೊಂಡ್ ಹೋದ್ರಾ?"

ಅವಳು ಅವನ ಪಕ್ಕದಲ್ಲಿದ್ದ ಪೊಟ್ಟಣ ಎತ್ತಿಕೊಂಡಳು. ಮೇಲೆ ಡಿಡಿಆರ್ ತ್ರೀ ಎಂದಿತ್ತು, ಹಳೇ ಬಗೆಯ ರ್‍ಯಾಮ್. ಅವಳು ತಂದದ್ದು ಹೊಸ ಬಗೆ, ಫೋರ್. 'ಇದೇ ಲೇಟೆಸ್ಟ್ ಮೇಡಂ' ಎಂದಿದ್ದರು ಅಂಗಡಿಯವರು.

"ಇದಕ್ಕೆ ತ್ರೀನೇ ಬೇಕು ಅಂತ, ಡಬ್ಬ ಬಿಚ್ಚೋ ಮೊದ್ಲೇ ನಿಮಗೆ ಹೇಗೆ ಗೊತ್ತು?"

"ಹಳೇ ಬೋರ್ಡು... ಹೊಸದರ ಕಚ್ಚು ಬೇರೆ ಕಡೆ ಇರುತ್ತೆ. ಎಷ್ಟು ಒತ್ತಿದ್ರೂ ಕೂರಲ್ಲ."

ಬಾಗಿಲಿಗೆ ಬಂದು ನಿಂತಿದ್ದ ಕಮಲಾದೇವಿ ಮೆಲ್ಲಗೆ ಅಂದರು, "ಅವತ್ತು ಹೊರಡೋವಾಗ ನಮ್ಮ ಸಿದ್ದೂನೂ ಅದೇ ಅಂದ. 'ಸರಿಯಾಗಿ ಕೂರ್ತಿಲ್ಲಮ್ಮ, ಬದಲಾಯಿಸ್ಕೊಂಡ್ ಬರ್ತೀನಿ' ಅಂತ. ನಾನು ಅಂಗಿ ಅಂದ್ಕೊಂಡಿದ್ದೆ..."

ಸುನಿತಾ ಪೊಟ್ಟಣ ಕೆಳಗಿಟ್ಟು ಅವನೆದುರು ಕೂತಳು.

"ನಾನು ಕೊಡಿಸಿದ್ದನ್ನ... ಬದಲಾಯಿಸೋಕೆ ಹೋಗ್ತಿದ್ರಾ?"

"'ಅಕ್ಕಂಗೆ ಹೇಳ್ಬೇಡ ಭಾವ, ಬೇಜಾರ್ ಮಾಡ್ಕೋತಾಳೆ' ಅಂದಿದ್ದ." ಶಿವಕಿರಣ ತಲೆ ತಗ್ಗಿಸಿದ. "ಅವನ ಕೊನೇ ಮಾತು ಅದೇ ಆಗೋಯ್ತು."

"ಹಾಗಾದ್ರೆ ನಾನೇ..."

"ಇಲ್ಲ! ಗುದ್ದಿದ್ದು ಟ್ಯಾಂಕರ್. ನೀನಲ್ಲ."

"ವರ್ಷವೆಲ್ಲ ನಿನ್ನ ಕೊಲೆಗಾರ ಅಂದೆನಲ್ಲೋ! ಯಾಕೆ ಬಾಯಿ ಬಿಡ್ಲಿಲ್ಲ ನೀನು?"

'ನೀನು'... ಅವಳಿಗೇ ತಿಳಿಯದೆ ಮರಳಿ ಬಂದಿತ್ತು.

"ನನ್ನ ಬೈಕೊಂಡಾದ್ರೂ ನೀನು ಬದುಕ್ತೀಯ ಅನ್ನಿಸ್ತು. ನಿನ್ನನ್ನ ನೀನೇ ಬೈಕೊಳ್ಳೋಕೆ ಶುರು ಮಾಡಿದ್ರೆ... ನನಗೆ ಧೈರ್ಯ ಸಾಲ್ಲಿಲ್ಲ ಸುನಿ."

ಅವಳು ಅವನ ರಾಡ್ ಹಾಕಿದ ಕಾಲಿನ ಮೇಲೆ ಹಣೆಯಿಟ್ಟು ಬಿಕ್ಕಿದಳು. ಅವನು ತಡೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪೊಟ್ಟಣ ಬಿಚ್ಚಿ ಪಟ್ಟಿಯನ್ನು ಅವಳ ಕೈಗೆ ಕೊಟ್ಟ.

"ನೀನೇ ಕೂರಿಸು. ಕಚ್ಚು ನೋಡ್ಕೊಂಡು... ಮೆತ್ತಗೆ."

ಟಕ್! ಕೂತಿತು.

ಕಂಪ್ಯೂಟರ್ ನಿಧಾನಕ್ಕೆ ಎದ್ದಿತು. ಹಾಡು ತೆರೆಯಿತು. ಮೊದಲು ಗಂಟಲು ಸರಿ ಮಾಡಿಕೊಂಡ ಸದ್ದು... ಆಮೇಲೆ ಜೋರಾಗಿ,

"ಅಕ್ಕಾ! ಆ ಮಿಕ್ಸಿ ನಿಲ್ಸೇ, ರೆಕಾರ್ಡಿಂಗ್ ಮಾಡ್ತಿದೀನಿ!"

ಕಮಲಾದೇವಿ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಗೋಡೆಗೊರಗಿ ಕೂತರು. ವಚನ ಎದ್ದಿತು. ಅವರ ತುಟಿಯೂ ಮಗನ ದನಿಯ ಜೊತೆ ಅಲುಗಿತು.

ಸುನಿತಾ ಕಣ್ಣೊರೆಸಿಕೊಂಡಳು. "ಉಂಗುರ... ಬಿಸಾಕಿದ್ಯಾ?"

ಅವನು ಅಂಗಿಯ ಒಳಗಿನ ದಾರ ಎಳೆದು ತೋರಿಸಿದ. ಅದರ ತುದಿಯಲ್ಲಿ ಉಂಗುರ ತೂಗುತ್ತಿತ್ತು.

ಅವಳು ಅದನ್ನು ಮುಟ್ಟಿ, ಮುಷ್ಟಿಯಲ್ಲಿ ಹಿಡಿದುಕೊಂಡಳು. "ಊಟಕ್ಕೆ ಇರು ಕಿರಣ್. ಚಟ್ನಿ ರುಬ್ತೀನಿ."

"ತಡಿ," ಅವನು ಆ ಮುಷ್ಟಿಯ ಮೇಲೆ ಕೈಯಿಟ್ಟ. "ಸಿದ್ದು ಹಾಡು ಮುಗಿಸ್ಲಿ. ಆಮೇಲೆ ಮಿಕ್ಸಿ."