ಗೆರೆಯಿಲ್ಲದ ಡಿಸ್ಕ್

ಮಧ್ಯಾಹ್ನ ಎರಡೂವರೆಗೆ ಠಾಣೆಗೆ ಬಂದ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರಮ್ಮ, ಕೂರಿ ಎಂದರೂ ಕೂರಲಿಲ್ಲ. ಕೈಚೀಲದಿಂದ ಎರಡು ಡಿಸ್ಕ್ ತೆಗೆದು ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟರು. ಎರಡರ ಮೇಲೂ ಅವರ ಸೆಂಟರಿನ ನೀಲಿ ಗುರುತು, ಅದರ ಕೆಳಗೆ ರೋಗಿಯ ಹೆಸರು, ತಾರೀಖು.

"ಇದು ನಮ್ಮದು. ಇದು ನಮ್ಮದಲ್ಲ."

"ಎರಡೂ ಒಂದೇ ಥರ ಇದೆಯಲ್ಲ ಮೇಡಂ?"

"ಸರಿಯಾಗಿ ನೋಡಿ. ನಮ್ಮ ಪ್ರಿಂಟರ್ ಗುರುತಿನ ನಡುವೆ ಒಂದು ಬಿಳಿ ಗೆರೆ ಬಿಡುತ್ತೆ. ರಿಪೇರಿ ಮಾಡ್ಸೋಣ, ಮಾಡ್ಸೋಣ ಅಂತ ಹಾಗೇ ಉಳೀತು. ಈ ಡಿಸ್ಕಲ್ಲಿ ಗೆರೆ ಇಲ್ಲ. ಇಷ್ಟು ಚೆನ್ನಾಗಿ ಪ್ರಿಂಟ್ ಮಾಡೋ ಯೋಗ್ಯತೆ ನಮಗಿಲ್ಲ ಸಾರ್."

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ಒಮ್ಮೆ ಬಾಯಿ ತೆರೆದರೆ ಮುಚ್ಚುವುದಿಲ್ಲವೆಂದು ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು. ಇನ್ಸ್‌ಪೆಕ್ಟರ್ ಕಣ್ಣು ಬಿಟ್ಟಿದ್ದೇ ರೇಡಿಯೊ ಬಂದ್ ಆಯಿತು.

ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳಿದರು. ಶಾಲಾ ಬಸ್ಸಿನ ಚಾಲಕನೊಬ್ಬ ಬಸ್ಸು ತೊಳೆಯುತ್ತಿದ್ದಾಗ ಪ್ರಜ್ಞೆ ತಪ್ಪಿ ಬಿದ್ದಿದ್ದ. ಬಸ್ ಕಂಪನಿಯವರು ತಲೆಯ ಸ್ಕ್ಯಾನ್ ಕೇಳಿದರು. ಮೂರು ವಾರದ ಹಿಂದೆ ಅವನು ಕೊಟ್ಟ ಡಿಸ್ಕಿನಲ್ಲಿ ಎಲ್ಲವೂ ಸರಿಯಿತ್ತು, ಮತ್ತೆ ಸ್ಟೇರಿಂಗ್ ಕೊಟ್ಟರು. ಈಗ ಅದರಲ್ಲಿನ ಯಾವುದೋ ಫೈಲು ತೆರೆಯುತ್ತಿಲ್ಲವೆಂದು ಡಿಸ್ಕನ್ನು ಸೆಂಟರಿಗೆ ವಾಪಸು ಕಳಿಸಿದ್ದರು. ಸೆಂಟರಿನ ಕಂಪ್ಯೂಟರಿನಲ್ಲಿ ಅದೇ ಹೆಸರಿನಲ್ಲಿರುವ ಅಸಲಿ ಚಿತ್ರಗಳೇ ಬೇರೆ. ಮಿದುಳಿನಲ್ಲಿ ಗಡ್ಡೆ.

"ಬಸ್ಸು ಓಡಿಸಬಹುದಾ?"

"ಯಾವಾಗ ಬೇಕಾದ್ರೂ ಫಿಟ್ಸ್ ಬರಬಹುದು. ಕಂಪನಿಗೆ ಫೋನ್ ಮಾಡ್ದೆ. ಬರವಣಿಗೇಲಿ ಕೊಡಿ ಅಂದ್ರು."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಶಾಲೆ ಬಿಡುವ ಹೊತ್ತು. "ಎಫ್‌ಐಆರ್ ಬರೀತಾ ಇರಿ," ಎಂದು ರೈಟರ್‌ಗೆ ಹೇಳಿದವರೇ ಟೋಪಿಯನ್ನೂ ತೆಗೆದುಕೊಳ್ಳದೆ ಜೀಪಿಗೆ ಓಡಿದರು.

ಡಾಕ್ಟರಮ್ಮ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಚಾಲಕನ ಫೋನು ರಿಂಗಾಗುತ್ತಲೇ ಇತ್ತು.

"ಒಳ್ಳೆ ಡ್ರೈವರ್ ಸಾರ್. ಓಡಿಸುವಾಗ ಫೋನ್ ಎತ್ತಲ್ಲ," ಎಂದ ರೇಡಿಯೊ. ಅದು ನಿಜವೇ ಆಗಿದ್ದರಿಂದ ಇನ್ಸ್‌ಪೆಕ್ಟರರ ಸಿಟ್ಟು ಇನ್ನಷ್ಟು ಏರಿತು.

ಶಾಲೆ ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಹಳದಿ ಬಸ್ಸು ಕಂಡಲ್ಲೆಲ್ಲ ಹಿಂದೆ ಬಿದ್ದರು. ಮೊದಲನೆಯದು ಬೇರೆ ಶಾಲೆಯದು, ಎರಡನೆಯದು ಖಾಲಿ. ರೇಡಿಯೊ ಸೈರನ್‌ಗೆ ಕೈ ಹಾಕಿದಾಗ ಇನ್ಸ್‌ಪೆಕ್ಟರ್ ಅವನ ಕೈ ಹಿಡಿದರು. "ಬೇಡ. ಅವನು ಬೆಚ್ಚಿಬಿದ್ರೆ?" ಜೀಪು ಓಡಿಸುತ್ತಿದ್ದವನು ಬೇರೆಯವನಾದರೂ ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಔಷಧಿ ಅಂಗಡಿಯ ತಿರುವಿನಲ್ಲಿ ಬಸ್ಸು ಸಿಕ್ಕಿತು. ಹುಡುಗಿಯೊಬ್ಬಳು ಇಳಿಯುತ್ತಿದ್ದಳು. ರೇಡಿಯೊ ದಾರಿ ಕೇಳುವವನ ಹಾಗೆ ಒಳಗೆ ಹತ್ತಿ, ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಚಾಲಕ ಮಾತ್ರ ಏನೂ ಅರ್ಥವಾಗದೆ ಕೆಳಗಿಳಿದ.

"ಸ್ಕ್ಯಾನ್ ಡಿಸ್ಕ್ ಯಾರಪ್ಪ ತಂದಿದ್ದು?"

"ನನ್ನ ಹೆಂಡ್ತಿ ಸಾರ್. ಕಂಪನಿಗೆ ನಾನು ಕೊಟ್ಟೆ."

"ಒಳಗೇನಿತ್ತು?"

"ತಲೇಲಿ ಏನೂ ಇಲ್ಲ ಅಂದ್ಲು. ಅದು ನಮ್ಮಪ್ಪ ಚಿಕ್ಕಂದಿನಿಂದ ಹೇಳ್ತಿದ್ದದ್ದೇ ಅಲ್ವಾ ಅಂತ ಇಬ್ಬರೂ ನಕ್ವಿ."

"ಮನೇಲಿ ಪ್ರಿಂಟರ್ ಇದೆಯಾ?"

"ಇದೆ ಸಾರ್. ಅವಳದೇ. ಶಾಲೆ ಕಾರ್ಯಕ್ರಮಗಳಿಗೆ ಫೋಟೊ, ವಿಡಿಯೊ ತೆಗೀತಾಳೆ. ಡಿಸ್ಕ್ ಮೇಲೆ ಮಕ್ಕಳ ಮುಖ ಪ್ರಿಂಟ್ ಮಾಡಿ ಕೊಡ್ತಾಳೆ. ಯಾಕೆ ಸಾರ್?"

ಇವನು ನಾಟಕವಾಡುತ್ತಿದ್ದಾನೆ ಎಂದೇ ಇನ್ಸ್‌ಪೆಕ್ಟರರಿಗೆ ಅನ್ನಿಸಿತು. ಕೆಲಸ ಉಳಿಸಿಕೊಳ್ಳಲು ಗಂಡ ಹೆಂಡತಿ ಸೇರಿ ಮಾಡಿದ ಕೆಲಸವಿರಬೇಕು. ಅಷ್ಟರಲ್ಲಿ ಬಸ್ಸಿನ ಆಯಾ ಮಕ್ಕಳನ್ನು ಶಾಲೆಯಿಂದ ತರಿಸಿದ ವ್ಯಾನಿಗೆ ಹತ್ತಿಸುತ್ತ ತಲೆ ಎಣಿಸಿದಳು. ರೇಡಿಯೊ ಸುಮ್ಮನಿರಲಾರದೆ ಕೇಳಿದ, "ಡ್ರೈವರ್ ಹಿಂದಿನ ಸೀಟಲ್ಲಿ ಯಾರೂ ಕೂತಿರ್ಲಿಲ್ವಲ್ಲ, ಯಾಕೆ?"

"ಅದು ಇವರ ಮಗಳದ್ದು. ಮೂರು ವಾರದಿಂದ ಬರ್ತಿಲ್ಲ. ಬಸ್ಸಲ್ಲಿ ವಾಂತಿ ಬರುತ್ತೆ ಅಂತ ಅವರಮ್ಮ ನಡೆಸ್ಕೊಂಡೇ ಹೋಗ್ತಾರೆ. ನನ್ನ ಹತ್ರ ಅಂತೂ ಆ ಮಗು ಒಂದಿನಾನೂ ವಾಂತಿ ಮಾಡಿಲ್ಲಪ್ಪ."

ಇನ್ಸ್‌ಪೆಕ್ಟರ್ ಚಾಲಕನ ಮುಖ ನೋಡಿದರು. ಅವನು ಆಯಾಳ ಮಾತಿಗೆ ತಲೆಯಾಡಿಸುತ್ತ ನಿಂತಿದ್ದ. ಡಿಸ್ಕ್ ಕಂಪನಿಗೆ ಹೋಗಿದ್ದೂ ಮೂರು ವಾರದ ಹಿಂದೆ. ಇವನಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿದೆ.

ಚಾಲಕನನ್ನು ಠಾಣೆಗೆ ಕಳಿಸಿ, ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಕರೆಸಿಕೊಂಡು ಅವನ ಮನೆಗೆ ಹೋದರು. ಮಹಡಿ ಮೇಲಿನ ಎರಡು ಕೋಣೆ. ಗೋಡೆಯ ತುಂಬ ಗಂಡ, ಮಗಳ ಫೋಟೊಗಳು. ಕಿಟಕಿಯ ಪಕ್ಕ ಬಟ್ಟೆ ಹೊದಿಸಿದ ಪ್ರಿಂಟರು. ಪಕ್ಕದ ಮನೆಯ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಇಂಕ್‌ಜೆಟ್ ಪ್ರಿಂಟರ್ ಒಂದು, ಡಿಸ್ಕ್ ಇಡುವ ತಟ್ಟೆ ಒಂದು, ಮೇಲ್ಮೈ ಬಿಳಿ ಇರುವ ಖಾಲಿ ಡಿಸ್ಕುಗಳ ಪೊಟ್ಟಣ. ಮೇಜಿನ ಖಾನೆಯಲ್ಲಿ ಸೆಂಟರಿನ ನೀಲಿ ಗುರುತು ಸೊಟ್ಟಗೆ ಬಿದ್ದಿದ್ದ ಎರಡು ಡಿಸ್ಕುಗಳೂ ಸಿಕ್ಕವು.

ಚಾಲಕನ ಹೆಂಡತಿ ವಾದ ಮಾಡಲಿಲ್ಲ. "ಅವರು ಚೆನ್ನಾಗಿದಾರಾ?" ಎಂದಷ್ಟೇ ಕೇಳಿದಳು.

"ಇದ್ದಾನೆ. ಡಿಸ್ಕಲ್ಲಿರೋ ಚಿತ್ರ ಯಾರದು?"

"ನಂದೇ. ಹೋದ ವರ್ಷ ತಲೆನೋವು ಅಂತ ಅಲ್ಲೇ ತೆಗೆಸಿದ್ದೆ. ಮೂಲೇಲಿದ್ದ ಹೆಸರು ಅಳಿಸಿ ಅವರ ಹೆಸರು ಹಾಕ್ದೆ. ವರದಿ ಹಾಳೇನೂ ಹಾಗೇ ಮಾಡ್ದೆ."

"ಅಸಲಿ ಡಿಸ್ಕಲ್ಲಿ ಬಿಳಿ ಗೆರೆ ಇತ್ತಲ್ಲ. ಅದನ್ನ ಯಾಕೆ ತೆಗೆದೆ?"

ಅವಳು ತುಸು ಯೋಚಿಸಿದಳು. "ಗೆರೆ ಬಿದ್ದ ಪ್ರಿಂಟ್ ನಾನು ಯಾರಿಗೂ ಕೊಡಲ್ಲ ಸಾರ್."

"ಗಂಡನಿಗೆ ಯಾಕೆ ಹೇಳ್ಲಿಲ್ಲ?"

"ನಮ್ಮ ಭಾವನಿಗೂ ಇದೇ ಆಗಿತ್ತು. ಡಾಕ್ಟರು ಹೇಳೋ ತನಕ ಓಡಾಡ್ಕೊಂಡಿದ್ರು. ಹೇಳಿದ ದಿನ ಗೋಡೆ ಕಡೆ ತಿರುಗಿ ಮಲಗಿದೋರು ಮತ್ತೆ ಏಳ್ಲೇ ಇಲ್ಲ. ಇವರು ಬೆಳಿಗ್ಗೆ ಸೀಟಿ ಹೊಡ್ಕೊಂಡು ಬಸ್ಸಿಗೆ ಹೋಗ್ತಾರೆ ಸಾರ್. ಹೇಗೆ ಹೇಳ್ಲಿ? ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ಸಂಜೆ ಅವರು ಮೆಟ್ಟಿಲು ಹತ್ತೋ ತನಕ ಈ ಕಿಟಕಿ ಬಿಟ್ಟು ಕದಲ್ತಿರಲಿಲ್ಲ."

ಮಗಳ ವಿಷಯ ಕೇಳಬೇಕೆಂದು ಇನ್ಸ್‌ಪೆಕ್ಟರ್ ಬಾಯಿ ತೆರೆದರು. ಒಳಕೋಣೆಯಲ್ಲಿ ಆ ಹುಡುಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅವರು ಕೇಳಲಿಲ್ಲ. ಮಗುವನ್ನು ಅಜ್ಜಿಯ ಮನೆಗೆ ಕಳಿಸಿ, ಸೂರ್ಯ ಮುಳುಗುವ ಮುಂಚೆ ತಾಯಿಯನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವಳು ಕೇಳಿದ್ದು ಒಂದೇ. "ಅವರಿಗೆ ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

ಇನ್ಸ್‌ಪೆಕ್ಟರ್ ಒಪ್ಪಿದರು. ಬೆಂಚಿನ ಮೇಲೆ ಗಂಡನ ಪಕ್ಕ ಕೂತು ಅವಳು ಮೆಲ್ಲಗೆ ಹೇಳಿದಳು. ಅವನು ಒಮ್ಮೆ ಕೈಯೆತ್ತಿ ತಲೆ ಮುಟ್ಟಿ ನೋಡಿಕೊಂಡ. ದಿನಚರಿಯಲ್ಲಿ ಅಪರಾಧದ ಕಾರಣ ಬರೆಯುತ್ತಿದ್ದ ಇನ್ಸ್‌ಪೆಕ್ಟರ್ 'ಗಂಡನನ್ನು ಕಳೆದುಕೊಳ್ಳುವ ಭಯ' ಎಂದು ಬರೆದು ತಲೆಯೆತ್ತಿದರು.

"ನಂಗೆ ಹೇಳದೇ ಇದ್ದದ್ದು ಹೋಗ್ಲಿ," ಎಂದ ಚಾಲಕ. "ಮಗಳನ್ನ ಬಸ್ಸಿಂದ ಇಳಿಸಿದೆಯಲ್ಲ. ಮಿಕ್ಕೋರು? ಕೊನೇ ಸ್ಟಾಪಿನ ಅವಳಿ ಮಕ್ಕಳು? ಕನ್ನಡಕ ಬೀಳಿಸ್ಕೊಂಡು ಅಳೋ ಆ ಪುಟಾಣಿ? ಅವರ ಮುಖ ಒಂದಾದ್ರೂ ನಿನ್ನ ಕಣ್ಣ ಮುಂದೆ ಬರ್ಲಿಲ್ವಾ?"

"ಬರ್ತಿತ್ತು ರೀ," ಎಂದಳು ಅವಳು. "ಎಲ್ಲರ ಫೋಟೊನೂ ನಾನೇ ತೆಗೆದಿದ್ದೀನಲ್ಲ."

ಅವನು ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತ.