ಅಡಿಲೇಡ್ ಯಾಕೆ ಬೇಕು?

ಪವನ ಮೊದಲ ಕ್ಲಾಸಿಗೇ ಅರ್ಧ ಗಂಟೆ ಮುಂಚೆ ಬಂದುಬಿಟ್ಟ.

ಬ್ರಿಸ್ಬೇನಿನ ನಂಜುಂಡಸ್ವಾಮಿ ಅಂಕಲ್ ಭಾನುವಾರ ಸಂಜೆ ಸ್ಕೈಪಿನಲ್ಲಿ ನಮಗೆಲ್ಲ ಗ್ರೀಕರ ತತ್ವಶಾಸ್ತ್ರ ಹೇಳಿಕೊಡುತ್ತಿದ್ದರು. ನಮ್ಮೂರಿನ ಗಂಟೆಯಲ್ಲಿ ಸಮಯ ತಿಳಿಸಿ ಕಾಲ್ ಶುರುಮಾಡುವುದು ಅಡಿಲೇಡಿನ ನನ್ನ ಕೆಲಸ. ಪರ್ತ್‌ನ ಪವನ ನನ್ನನ್ನೂ ಬ್ರಿಸ್ಬೇನಿನವಳೆಂದುಕೊಂಡು, ಅವನೂರಿನ ಗಂಟೆ ತಿಳಿಯಲು ಆ ಸಮಯದಿಂದ ಎರಡು ಗಂಟೆ ಕಳೆದಿದ್ದ. ನಮ್ಮೂರಿಗೆ ಕಳೆಯಬೇಕಾದ್ದು ಒಂದೂವರೆ!

ನನ್ನ ತಲೆಗೆ ಟವೆಲ್, ಬಾಯಿತುಂಬ ಬಿಸಿಬೇಳೆಬಾತ್.

"ಸಾರಿ, ಬೇಗ ಬಂದ್ಬಿಟ್ನಾ?"

"ಬಂದಾಯ್ತಲ್ಲ, ಕೂತ್ಕೊಳ್ಳಿ."

ಮುಂದಿನ ಭಾನುವಾರವೂ ಅರ್ಧ ಗಂಟೆ ಮುಂಚೆಯೇ ಹಾಜರು.

"ಈ ಸಲ ಏನ್ ಕಾರಣ?"

"ಒಳ್ಳೇ ಗುಣ ಹುಟ್ಟಿನಿಂದ ಬರಲ್ಲ, ಅಭ್ಯಾಸದಿಂದ ಬರೋದು ಅಂತ ಅಂಕಲ್ ಹೇಳಿದ್ರಲ್ಲ ಡಾಕ್ಟ್ರೇ. ಅಭ್ಯಾಸ ಮಾಡ್ತಿದೀನಿ."

ನಗು ತಡೆಯಲಾಗಲಿಲ್ಲ. ಆಮೇಲಿಂದ ನಾನೂ ಬೇಗ ತಲೆ ಒಣಗಿಸಿಕೊಳ್ಳತೊಡಗಿದೆ.

ಒಮ್ಮೆ ಅಂಕಲ್, "ಮನುಷ್ಯ ಒಂಟಿಯಾಗಿ ಬದುಕೋ ಪ್ರಾಣಿಯಲ್ಲ. ಜೊತೆಯಲ್ಲಿ ದಿನ ಕಳೆಯೋರು ಇಲ್ಲದಿದ್ರೆ ಎಷ್ಟಿದ್ರೂ ಅದು ಒಳ್ಳೇ ಬದುಕಲ್ಲ ಅಂತಿದ್ರು ಗ್ರೀಕರು" ಎಂದರು. ಪರದೆಯಲ್ಲಿ ಪವನ ನನ್ನತ್ತ ನೋಡಿ ಥಟ್ಟನೆ ಕಣ್ಣು ತಗ್ಗಿಸಿದ. ಅಷ್ಟು ಜನರಲ್ಲಿ ನನ್ನನ್ನೇ ನೋಡಿದನೆಂದು ಹೇಗೆ ಗೊತ್ತಾಯಿತೆಂದರೆ, ಗೊತ್ತಾಯಿತು ಅಷ್ಟೆ.

ಎರಡು ಸಾವಿರದ ಹದಿನೈದರಲ್ಲಿ ಗಣಿಗಳ ಕೆಲಸ ಕಡಿಮೆಯಾಗಿ, ಪರ್ತ್‌ನ ವೆಲ್ಷ್‌ಪೂಲಿನಲ್ಲಿ ಅವನು ಇಂಜಿನಿಯರಾಗಿದ್ದ ಕಂಪನಿ ಅವನ ವಿಭಾಗವನ್ನೇ ಮುಚ್ಚಿತು. ತೊಂಬತ್ತು ದಿನದಲ್ಲಿ ಬೇರೆ ವೀಸಾ ಸಿಗದಿದ್ದರೆ ಮೈಸೂರಿಗೆ ವಾಪಸ್. ಅಡಿಲೇಡಿನ ಕಡೆ ಇಂಜಿನಿಯರುಗಳನ್ನು ಕರೆಯುತ್ತಿದ್ದರು. ಆದರೆ ವೀಸಾ ಅರ್ಜಿಯ ಜೊತೆ, ಈ ರಾಜ್ಯದಲ್ಲೇ ಏಕೆ ಬದುಕಬೇಕೆಂದು ಬರೆದುಕೊಡಬೇಕು. ಇಂಗ್ಲಿಷ್ ತಿದ್ದಿಕೊಡಿ ಎಂದು ಅದನ್ನು ನನಗೇ ಕಳಿಸಿದ.

ನಾನು ಕೆಲಸ ಮಾಡುವ ಸ್ಯಾಲಿಸ್‌ಬರಿಯ ಕ್ಲಿನಿಕ್ಕಿನಲ್ಲಿ ಲಂಚ್ ಬಿಟ್ಟು ಓದಿದೆ. ಕಡಿಮೆ ಬಾಡಿಗೆ, ಚೊಕ್ಕಟ ಬೀಚು, ಕಾರ್ಖಾನೆಗಳು, ಟ್ರಾಫಿಕ್ ಇಲ್ಲದ ರಸ್ತೆಗಳು. ಎರಡು ಪುಟ. ಎಲ್ಲಿಯೂ ನಾನಿಲ್ಲ. ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿಯೇಬಿಟ್ಟೆ.

"ಇದೇನ್ರೀ, ಟೂರಿಸಂನವರ ಪಾಂಪ್ಲೆಟ್ಟಾ?"

"ಇಂಗ್ಲಿಷ್ ಸರಿಯಿಲ್ವಾ?"

"ಇಂಗ್ಲಿಷ್ ಚೆನ್ನಾಗೇ ಇದೆ. ನಿಜ ಇಲ್ಲ. ಅಡಿಲೇಡ್ ಯಾಕೆ ಬೇಕು ನಿಮಗೆ?"

"ಬಾಡಿಗೆ ಕಡಿಮೆ..." ಎಂದು ಅವನು ಮತ್ತೆ ಅದನ್ನೇ ಓದತೊಡಗಿದ.

"ಪವನ, ಧೈರ್ಯ ಅನ್ನೋದು ಹೇಡಿತನಕ್ಕೂ ಹುಂಬತನಕ್ಕೂ ಮಧ್ಯೆ ಇರತ್ತೆ ಅಂತ ಪಾಠ ಆಯ್ತಲ್ಲ?"

"ನಾನೆಲ್ಲಿದೀನಿ?"

"ಹೇಡಿತನದ ಮನೆ ಬಾಗಿಲಲ್ಲಿ."

ಅವನು ನಗಲಿಲ್ಲ. "ನೀವು ಇಲ್ಲಿನ ಸಿಟಿಜನ್. ನಾನು ಈಗ ಮನಸ್ಸು ಬಿಚ್ಚಿ ಹೇಳಿದ್ರೆ, ವೀಸಾಗೋಸ್ಕರ ಅಂತ ಅಂದ್ಕೋತೀರಿ ಅನ್ನೋ ಭಯ. ಮೊದ್ಲು ವೀಸಾ ಬರ್ಲಿ, ಆಮೇಲೆ ಹೇಳೋಣ ಅಂತ..."

"ಬರದೇ ಹೋದ್ರೆ?"

"ಹೇಳದೇ ಹೋಗ್ತಿದ್ದೆ."

ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಇಷ್ಟು ಒಳ್ಳೆಯವನಿಗೆ ಎರಡೇಟು ಹೊಡೆಯಬೇಕೆನಿಸಿತು.

"ವೀಸಾ ಬರದಿದ್ರೆ ನಾನೇ ಮೈಸೂರಿಗೆ ಬರ್ತೀನಿ. ಅಲ್ಲೂ ಜನಕ್ಕೆ ಮಂಡಿನೋವು ಇರತ್ತೆ. ಈಗ ಹೇಳಿ."

"ಪ್ರಣತಿ," ಎಂದ. ಅವನು ಡಾಕ್ಟ್ರೇ ಎನ್ನದೆ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನಗೆ ಅಡಿಲೇಡ್ ಬೇಡ. ನೀವಿರೋ ಊರು ಬೇಕು. ದಿನಾ ನಿಮ್ಮ ಜೊತೆ ಊಟ ಮಾಡ್ಬೇಕು, ಜಗಳ ಆಡ್ಬೇಕು."

ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಸ್ಟೆತಸ್ಕೋಪೇ ಬೇಕಿರಲಿಲ್ಲ.

"ಈ ಎರಡು ಪುಟ ಏನ್ ಮಾಡ್ಲಿ?" ಎಂದು ಕೇಳಿದ.

"ಹಾಗೇ ಕಳಿಸಿ. ಬೀಚು ಚೊಕ್ಕಟವಾಗಿರೋದು ನಿಜಾನೇ."

ಈಗ ಅವನು ಗಟ್ಟಿಯಾಗಿ ನಕ್ಕ. "ನಾಳೆ ಫ್ಲೈಟ್ ಹತ್ಲಾ?"

"ನಾಳೆ ಯಾಕೆ? ಇವತ್ತು ಸಂಜೆನೇ ಒಂದಿದೆ, ಹದಿನಾಲ್ಕು ಸೀಟ್ ಖಾಲಿ!" ಎಂದುಬಿಟ್ಟೆ. ನಾನು ಆಗಲೇ ನೋಡಿಟ್ಟಿದ್ದೆನೆಂಬುದು ಅವನಿಗೂ ಗೊತ್ತಾಗಿಹೋಯಿತು.