ಜಟಂಗನ ಆಟದ ಬಯಲು

ಬಹಳ ಬಹಳ ಹಿಂದೆ, ನಿಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡುವ ಮೊದಲು, ಚಂಪಕಾವತಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ, ಕೋಟೆಗೋಡೆಯಿಂದ ಕೆರೆ ಏರಿಯವರೆಗೆ, ಮಕ್ಕಳಿಗೆಂದೇ ಒಂದು ಆಟದ ಬಯಲಿತ್ತು. ಎಂಥಾ ಬಯಲು ಅಂತೀರಿ! ಅಲ್ಲೊಂದು ಕಲ್ಲಾನೆ, ಬಾಲ ಹಿಡಿದು ಹತ್ತಿದರೆ ಸೊಂಡಿಲಿನ ಮೇಲೆ ಸುಯ್ಯೆಂದು ಜಾರಬಹುದು. ಅಲ್ಲೊಂದು ಉಯ್ಯಾಲೆ, ಅದರ ಹಗ್ಗ ಕಟ್ಟಿದ್ದು ಮರಕ್ಕಲ್ಲ, ಮೋಡಕ್ಕೆ. ನಡುವೆ ತಾನಾಗಿಯೇ ತಿರುಗುವ ದೊಡ್ಡ ಚಕ್ರ, ಅದರ ತುಂಬ ಮರದ ಪ್ರಾಣಿಗಳು.

ದೂರದ ಹಳ್ಳಿಯಲ್ಲಿ ಬುಟ್ಟಿ ಹೆಣೆಯುವ ಚೆಲುವಯ್ಯನಿಗೆ ಅಕ್ಕನ ಮಕ್ಕಳೆಂದರೆ ಪ್ರಾಣ. ಒಂದು ದಿನ ಮೂವರನ್ನೂ ಬಯಲು ತೋರಿಸಲು ಹೊರಡಿಸಿದ. ದೊಡ್ಡವಳು ಸಿಂಗಾರಿ, ಬಾಯಿ ಜೋರು. ನಡುವಿನವನು ಮಲ್ಲ, ಕಾಲು ನೆಲದ ಮೇಲೆ ನಿಲ್ಲದವನು. ಕೊನೆಯವಳು ದ್ಯಾವಿ, ಇನ್ನೂ ತೊದಲು ಮಾತು, ಮಾವನ ಹೆಗಲು ಬಿಟ್ಟು ಇಳಿಯಳು. ಅಕ್ಕ ಬುಟ್ಟಿ ತುಂಬ ಚಕ್ಕುಲಿ ಕಟ್ಟಿಕೊಟ್ಟು, "ಮಕ್ಕಳು ಜೋಪಾನ ಕಣಪ್ಪಾ" ಎಂದಳು.

ಬಂದು ನೋಡಿದರೆ ಅಷ್ಟು ಚೆಂದದ ಬಯಲಲ್ಲಿ ಒಂದು ನರಪಿಳ್ಳೆಯೂ ಇಲ್ಲ! ಬೇರೆಯವರಾಗಿದ್ದರೆ ಅಲ್ಲಿಂದಲೇ ತಿರುಗುತ್ತಿದ್ದರು. ನಮ್ಮ ಚೆಲುವಯ್ಯನೋ, "ಒಳ್ಳೇದೇ ಆಯ್ತು, ಸಾಲು ನಿಲ್ಲೋ ಕಾಟ ಇಲ್ಲ" ಎಂದು ಹಿಗ್ಗಿದ.

ಆ ಬಯಲಲ್ಲಿ ಜಟಂಗನೆಂಬ ಮಾಂತ್ರಿಕ ಬಂದು ವಕ್ಕರಿಸಿದ್ದ. ಮಕ್ಕಳ ಗಲಾಟೆ ಕೇಳಿದರೆ ಅವನಿಗೆ ಮೈಯೆಲ್ಲ ಉರಿ. ಮಲ್ಲ ಸೊಂಡಿಲಿನಿಂದ ಜಾರಿ ಇಳಿಯುವ ಹೊತ್ತಿಗೆ ಆನೆಯ ಕಾಲಿನ ಮರೆಯಿಂದ ಅವನು ಹೊರಬಂದ. "ಮುಟ್ಟಾಟ ಆಡೋಣವಾ ಮಗು?" ಎಂದ. "ಓ!" ಎಂದು ಮಲ್ಲ ಓಟ ಕಿತ್ತ. ಜಟಂಗ ಮಂತ್ರದಂಡ ಚಾಚಿ ಅವನನ್ನು ಮುಟ್ಟಿದ. ಅಷ್ಟೇ! ಮಲ್ಲ ಮರದ ಕುದುರೆಮರಿಯಾಗಿ ಚಕ್ರದ ಮೇಲೆ ನಿಂತುಬಿಟ್ಟ.

"ಅಯ್ಯೋ ದೇವರೇ! ಅಕ್ಕನಿಗೆ ಯಾವ ಮುಖ ತೋರಿಸಲಿ?" ಚೆಲುವಯ್ಯ ಓಡಿಬಂದು ಜಟಂಗನ ಮುಂದೆ ಅಡ್ಡಬಿದ್ದ. "ಬುದ್ಧೀ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನನ್ನ ಏನು ಬೇಕಾದ್ರೂ ಮಾಡಿ, ಹುಡುಗನ್ನ ಬಿಟ್ಟುಬಿಡಿ."

ಜಟಂಗ ಗಡ್ಡ ನೀವಿಕೊಂಡ. "ಈ ಬಯಲಿಗೊಂದು ಕಟ್ಟಳೆಯಿದೆ. ಇಲ್ಲಿ ಆಟದ ಮಾತೇ ಕೊನೆ ಮಾತು, ನನ್ನ ಮಂತ್ರವೂ ಅದನ್ನು ಮೀರದು. ಮೂರು ಆಟ ಆಡಿ. ಗೆದ್ದರೆ ಚಕ್ರದ ಮೇಲೆ ಮರವಾಗಿ ನಿಂತ ಈ ಮಕ್ಕಳೆಲ್ಲ ನಿಮ್ಮವರು. ಒಂದರಲ್ಲಿ ಸೋತರೂ ನೀವೂ ಚಕ್ರದ ಮೇಲೆ!"

ಮೊದಲನೆಯದು ಜಾರುವ ಆಟ. ಜಟಂಗ ಚಿಟಿಕೆ ಹೊಡೆದ. ಸೊಂಡಿಲಿನ ತುದಿಯಲ್ಲಿ ಹುಲಿಯೊಂದು ಬಾಯಿ ತೆರೆದು ಕೂತಿತು. ಚೆಲುವಯ್ಯ ಚಕ್ಕುಲಿ ಗಂಟನ್ನು ಸಿಂಗಾರಿಗೆ ಕೊಟ್ಟು, ಖಾಲಿ ಬುಟ್ಟಿಯನ್ನು ಮುಂದೆ ಹಿಡಿದು ಜಾರಿದ. ಬುಟ್ಟಿ ಹೋಗಿ ಹುಲಿಯ ಮುಸುಡಿಗೆ ಕಿವಿಯವರೆಗೂ ಸಿಕ್ಕಿಕೊಂಡಿತು. ಹುಲಿ ಕಣ್ಣು ಕಾಣದೆ ಕೆರೆಯ ಕಡೆ ಓಡಿಹೋಯಿತು.

ಎರಡನೆಯದು ಉಯ್ಯಾಲೆ ಆಟ. ಮೋಡದ ಮೇಲೆ ಎರಡು ತಲೆಯ ಹಕ್ಕಿ ಕೂತಿತ್ತು. ಅದರ ರೆಕ್ಕೆಯ ಒಂದು ಗರಿ ತರಬೇಕು. ಸಿಂಗಾರಿ ಜೀಕಿ ಜೀಕಿ ಮೋಡ ಮುಟ್ಟಿದಳು. ಹಕ್ಕಿ ಎರಡೂ ಕೊಕ್ಕು ತೆರೆದು ಕುಕ್ಕಲು ಬಂತು. "ಹಸಿವಾ? ತಗೋ" ಎಂದು ಒಂದು ಚಕ್ಕುಲಿ ಎಸೆದಳು. ನನಗೆ ನನಗೆ ಎಂದು ಎರಡು ತಲೆಗಳೂ ಜಗಳಕ್ಕೆ ಬಿದ್ದವು. ತಮ್ಮ ತಂಗಿಯರ ಜಗಳ ಬಿಡಿಸಿ ಪಳಗಿದ ಕೈ ಅವಳದು. ಇನ್ನೊಂದು ಚಕ್ಕುಲಿ ತೆಗೆದು, ಆ ತಲೆಗೊಂದು ಈ ತಲೆಗೊಂದು ಎಂದು ಹಂಚಿ ಜಗಳ ಮುಗಿಸಿದಳು. ಹಕ್ಕಿ ಖುಷಿಯಾಗಿ ತಾನೇ ಗರಿ ಕಿತ್ತುಕೊಟ್ಟಿತು.

ಜಟಂಗನ ಮೂಗಿನ ತುದಿ ಕೆಂಪಗಾಯಿತು. "ಇನ್ನು ಕಣ್ಣಾಮುಚ್ಚಾಲೆ. ನಾನು ಈ ಕಂಬದ ಹತ್ತಿರ ಎಣಿಸ್ತೀನಿ, ನೀವು ಅಡಗಿ. ಒಬ್ಬರು ಸಿಕ್ಕರೂ ಸೋತಿರಿ. ನಾನು ಹಿಡಿಯೋ ಮೊದಲು ನಿಮ್ಮಲ್ಲೊಬ್ಬರು ಕಂಬ ಮುಟ್ಟಿದರೆ ಗೆದ್ದಿರಿ!"

ಸಿಂಗಾರಿ ಪೊದೆಯೊಳಗೆ ತೂರಿದಳು. ಚೆಲುವಯ್ಯ ದ್ಯಾವಿಯನ್ನು ಎತ್ತಿಕೊಂಡು ಆನೆಯ ಹೊಟ್ಟೆಯ ಕೆಳಗೆ ಅಡಗಿದ. ಆದರೆ ಆ ಪುಣ್ಯಾತ್ಗಿತ್ತಿ ಕೈಯಿಂದ ಜಾರಿ ತಪತಪ ಓಡಿಹೋಗಿ, ಬಯಲಿನ ನಟ್ಟನಡುವೆ ಎರಡು ಕೈಯಲ್ಲಿ ಕಣ್ಣು ಮುಚ್ಚಿ ನಿಂತಳು. ತನಗೆ ಯಾರೂ ಕಾಣದಿದ್ದರೆ ತಾನೂ ಯಾರಿಗೂ ಕಾಣುವುದಿಲ್ಲ ಎಂಬುದು ಅವಳ ಲೆಕ್ಕ. ಚೆಲುವಯ್ಯ ಹಿಡಿಯಲು ಏಳುವಷ್ಟರಲ್ಲಿ ಎಣಿಕೆ ಮುಗಿದಿತ್ತು.

ಜಟಂಗ ಕಣ್ಣು ತೆರೆದ, ಹಹ್ಹಹ್ಹಾ ಎಂದು ನಕ್ಕ. "ಸಿಕ್ಕಳು! ಮುಗೀತು ನಿಮ್ಮ ಕತೆ!" ಎಂದು ದಂಡದಿಂದ ದ್ಯಾವಿಯನ್ನು ಮುಟ್ಟಿದ.

ಏನೂ ಆಗಲಿಲ್ಲ. ದ್ಯಾವಿ ಕಿಲಕಿಲ ನಕ್ಕು, "ಇನ್ನೊಂದ್ ಚಲ" ಎಂದಳು.

ಆಗ ಚಕ್ರದ ಮೇಲಿಂದ ಒಂದು ಧ್ವನಿ ಬಂತು. "ಮೋಸ! ಮೋಸ!" ಅದು ಮರದ ಕುದುರೆಮರಿ, ನಮ್ಮ ಮಲ್ಲ! ಆಟದಲ್ಲಿ ಅನ್ಯಾಯವಾದರೆ ಮರವಾಗಿದ್ದರೂ ಸುಮ್ಮನಿರುವ ಹುಡುಗ ಅಲ್ಲ ಅವನು. "ಅವಳು ಚಿಕ್ಕೋಳು! ಚಿಕ್ಕೋರನ್ನ ಹಿಡಿದ್ರೆ ಲೆಕ್ಕಕ್ಕೆ ಬರಲ್ಲ! ನೀನು ಮತ್ತೆ ಎಣಿಸ್ಬೇಕು!"

"ಹೌದು, ಮತ್ತೆ ಎಣಿಸು!" ಎಂದಿತು ಮರದ ಜಿಂಕೆ. "ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದಿತು ಮರದ ಕರಡಿ. ಚಕ್ರದ ಮೇಲಿದ್ದ ಪ್ರಾಣಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು.

ಪಾಪ, ಜಟಂಗನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹಾಲುಹಲ್ಲಿನ ವಯಸ್ಸಿನಿಂದ ಮಂತ್ರ ಬಾಯಿಪಾಠ ಮಾಡುತ್ತ ಕೂತವನು, ಅವನನ್ನು ಯಾರೂ ಆಟಕ್ಕೆ ಕರೆದಿರಲಿಲ್ಲ. "ಇದ್ಯಾವ ಸೀಮೆ ನ್ಯಾಯ!" ಎಂದು ಹಾರಾಡಿದ. ಆದರೆ ಬಯಲು ಬಿಡಬೇಕಲ್ಲ! ಕಾಲು ತಾನಾಗಿ ಕಂಬದತ್ತ ನಡೆಯಿತು, ಕೈ ತಾನಾಗಿ ಕಣ್ಣು ಮುಚ್ಚಿತು, ಬಾಯಿ ತಾನಾಗಿ ಎಣಿಸತೊಡಗಿತು.

ಅವನು ಎಣಿಸಿ ಮುಗಿಸುವುದಕ್ಕೂ, ಬೆನ್ನ ಹಿಂದೆಯೇ ಬಂದು ನಿಂತಿದ್ದ ಸಿಂಗಾರಿ ಕಂಬಕ್ಕೆ ಪಟಾರನೆ ಹೊಡೆಯುವುದಕ್ಕೂ ಸರಿಹೋಯಿತು.

"ಮುಟ್ಟಿದೆ!"

ಮಂತ್ರದಂಡ ಲಟಕ್ಕೆಂದು ಮುರಿಯಿತು. ಜಿಂಕೆ ಹುಡುಗಿಯಾಯಿತು, ಕರಡಿ ಹುಡುಗನಾಯಿತು, ಚಕ್ರದ ತುಂಬ ಮಕ್ಕಳೇ ಮಕ್ಕಳು! ಚೆಲುವಯ್ಯ ಮಲ್ಲನನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.

"ಬಿಡು ಮಾವ, ಉಸಿರು ಕಟ್ತಿದೆ" ಎಂದ ಮಲ್ಲ. "ಇನ್ನೊಂದು ಸಲ ಜಾರಲಾ?"

"ಎಲಾ ಇವನ! ನಡಿ, ನಾನೂ ಬರ್ತೀನಿ" ಎಂದು ಚೆಲುವಯ್ಯ ಮೂಗು ಒರೆಸಿಕೊಂಡ.

ಮಂತ್ರ ಕಳೆದುಕೊಂಡ ಜಟಂಗ ಬರೀ ಮುದುಕನಾಗಿ ಕಂಬಕ್ಕೆ ಒರಗಿ ಕೂತಿದ್ದ. ದ್ಯಾವಿ ಅವನ ಕಿರುಬೆರಳು ಹಿಡಿದು ಎಳೆದಳು. ಅವನು ಹಿಂದೆ ಮುಂದೆ ನೋಡುತ್ತ, ನಾಚುತ್ತ, ಎದ್ದು ಅವಳ ಹಿಂದೆ ಹೋದ.

ಅಷ್ಟರಲ್ಲಿ ಗಲಾಟೆ ಊರೊಳಗೆ ಕೇಳಿಸಿತು. ಮಕ್ಕಳು ಕಾಣೆಯಾಗಿ ಮಂಕಾಗಿದ್ದ ತಾಯಂದಿರು ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದರು; ನಕ್ಕರು, ಅತ್ತರು, ಮುಖ ಮೈ ಸವರಿ ನೋಡಿಕೊಂಡರು. ಮಕ್ಕಳೋ ಕೈ ಕೊಸರಿಕೊಂಡು ಮತ್ತೆ ಆಟಕ್ಕೆ ಓಡಿದರು. ತಾಯಂದಿರು ಕಲ್ಲಾನೆಯ ನೆರಳಲ್ಲಿ ಸಾಲಾಗಿ ಕೂತು ನೋಡಿದರು. "ಆಡಿದ್ದು ಸಾಕು, ಮನೆಗೆ ನಡೀರಿ" ಎಂದು ಅವತ್ತು ಯಾರೂ ಕರೆಯಲಿಲ್ಲ.